ನಾನೂರು ಜನರ ಊರಿಗೆ ಇಷ್ಟು ದೊಡ್ಡ ಚರ್ಚ್ ಏಕೆ? ಫ್ರಾನ್ಸಿನ ವೆಜಲೇ ಗ್ರಾಮದ ಕಥೆ

2019ರ ಏಪ್ರಿಲ್ 15ರ ಸಂಜೆ ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚ್ ಹೊತ್ತಿ ಉರಿದು, ಅದರ ಚೂಪು ಶಿಖರ ಮುರಿದು ಬಿದ್ದದ್ದನ್ನು ಟಿವಿಯಲ್ಲಿ ಕಂಡವರು ನಮ್ಮಲ್ಲೂ ಬಹಳ ಮಂದಿ. 2024ರ ಡಿಸೆಂಬರಿನಲ್ಲಿ ಚರ್ಚ್ ಮತ್ತೆ ಬಾಗಿಲು ತೆರೆದಾಗ ಶಿಖರವೂ ಮೊದಲಿದ್ದಂತೆಯೇ ಎದ್ದು ನಿಂತಿತ್ತು. ಈ ಸುದ್ದಿಗಳ ನಡುವೆ ಒಂದು ಹೆಸರು ಪದೇ ಪದೇ ಕೇಳಿಬಂತು: ವಿಯೊಲೆ-ಲೆ-ದ್ಯುಕ್. ಸುಟ್ಟುಹೋದ ಶಿಖರ ಮಧ್ಯಯುಗದ್ದಲ್ಲ, 19ನೇ ಶತಮಾನದಲ್ಲಿ ಈ ವಾಸ್ತುಶಿಲ್ಪಿ ಕಟ್ಟಿಸಿದ್ದು ಎಂಬುದು ಎಷ್ಟೋ ಜನರಿಗೆ ತಿಳಿದದ್ದೇ ಅದು ಬಿದ್ದ ಮೇಲೆ.

ಈತ ಹಳೆಯ ಕಟ್ಟಡಗಳ ದುರಸ್ತಿಯಲ್ಲಿ ಕೈ ಪಳಗಿಸಿಕೊಂಡದ್ದು ಪ್ಯಾರಿಸ್ಸಿನಲ್ಲಲ್ಲ. ಅಲ್ಲಿಂದ ಸುಮಾರು 220 ಕಿಲೋಮೀಟರ್ ಆಗ್ನೇಯಕ್ಕೆ, ಬರ್ಗಂಡಿ ಸೀಮೆಯ ಒಂದು ಗುಡ್ಡದ ಮೇಲಿನ ವೆಜಲೇ ಎಂಬ ಹಳ್ಳಿಯಲ್ಲಿ. ಇಂದು ಆ ಊರಿನ ಜನಸಂಖ್ಯೆ ನಾನೂರು ಚಿಲ್ಲರೆ. ಊರಿನ ನೆತ್ತಿಯ ಮೇಲಿರುವ ಚರ್ಚಿನ ಉದ್ದ ಸುಮಾರು 120 ಮೀಟರ್. ಊರಿನವರೆಲ್ಲ ಒಳಗೆ ಹೋಗಿ ಕುಳಿತರೂ ಅದರ ಒಂದು ಮೂಲೆ ತುಂಬುವುದಿಲ್ಲ. ಇಷ್ಟು ಸಣ್ಣ ಊರಿಗೆ ಅಷ್ಟು ದೊಡ್ಡ ಚರ್ಚನ್ನು ಯಾರು, ಯಾವ ದುಡ್ಡಿನಲ್ಲಿ, ಯಾವ ಧೈರ್ಯದ ಮೇಲೆ ಕಟ್ಟಿದರು ಎಂದು ಕೇಳುತ್ತಾ ಹೋದರೆ ಊರಿನ ಇತಿಹಾಸವೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಗುಡ್ಡಕ್ಕಿಂತ ಮೊದಲು ಕಣಿವೆ

ವೆಜಲೇ ಗುಡ್ಡದ ಕೆಳಗೆ ಕ್ಯೂರ್ ಎಂಬ ಸಣ್ಣ ನದಿ ಹರಿಯುತ್ತದೆ. ಅದರ ದಂಡೆಯಲ್ಲಿ ಸೇನ್-ಪೇರ್ ಎಂಬ ಇನ್ನೊಂದು ಹಳ್ಳಿ. ಅದರ ಹತ್ತಿರವೇ ಉಪ್ಪುನೀರಿನ ಬುಗ್ಗೆಗಳಿವೆ. ಸಮುದ್ರದಿಂದ ದೂರದ ಒಳನಾಡಿನಲ್ಲಿ ಉಪ್ಪು ಸಿಗುವ ಜಾಗ ಎಂದರೆ ಹಿಂದಿನ ಕಾಲದಲ್ಲಿ ಸಣ್ಣ ಮಾತಲ್ಲ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿನ ಜನ ಓಕ್ ಮರದ ಕಾಂಡಗಳ ತಿರುಳು ತೆಗೆದು, ನಾವು ಬಾವಿಗೆ ಬಳೆ ಇಳಿಸುವಂತೆ ಅವುಗಳನ್ನು ಬುಗ್ಗೆಗಳಿಗೆ ಇಳಿಸಿದ್ದರು. ಆ ಮರದ ಬಳೆಗಳು 20ನೇ ಶತಮಾನದ ಉತ್ಖನನದಲ್ಲಿ ಸಿಕ್ಕಿವೆ. ಮುಂದೆ ರೋಮನ್ನರು ಅದೇ ಜಾಗದಲ್ಲಿ ಸ್ನಾನಗೃಹ ಕಟ್ಟಿಕೊಂಡರು.

ಮಠ ಬಂದದ್ದೂ ಮೊದಲು ಇದೇ ಕಣಿವೆಗೆ. ಸುಮಾರು 860ರಲ್ಲಿ ಜಿರಾರ್ ಎಂಬ ದೊಡ್ಡ ಪಾಳೆಯಗಾರ ತನ್ನ ಹೆಂಡತಿ ಬೆರ್ತ್ ಜೊತೆ ಸೇರಿ ಸನ್ಯಾಸಿನಿಯರಿಗಾಗಿ ಮಠವೊಂದನ್ನು ಸ್ಥಾಪಿಸಿ, ಅದನ್ನು ನೇರವಾಗಿ ರೋಮಿನ ಪೋಪರ ರಕ್ಷಣೆಗೆ ಒಪ್ಪಿಸಿದ. ಉತ್ತರದಿಂದ ದೋಣಿಗಳಲ್ಲಿ ನುಗ್ಗುತ್ತಿದ್ದ ವೈಕಿಂಗ್ ದಾಳಿಕೋರರ ಕಾಟ ಹೆಚ್ಚಿದಾಗ ನದಿದಂಡೆ ಸುರಕ್ಷಿತವಲ್ಲ ಎನಿಸಿತು. ಮಠ ಗುಡ್ಡ ಹತ್ತಿತು. ಸನ್ಯಾಸಿನಿಯರ ಬದಲು ಸನ್ಯಾಸಿಗಳು ಬಂದರು.

'ಪೋಪರ ರಕ್ಷಣೆ' ಎಂದರೇನು ಎಂಬುದನ್ನು ಇಲ್ಲೇ ಹೇಳಿಬಿಡಬೇಕು, ಮುಂದಿನ ಜಗಳಗಳ ಬೇರೆಲ್ಲ ಇರುವುದು ಅಲ್ಲಿ. ನಮ್ಮ ಶಾಸನಗಳಲ್ಲಿ ಬರುವ ಸರ್ವಮಾನ್ಯದ ಉಂಬಳಿಯನ್ನು ನೆನೆಸಿಕೊಳ್ಳಿ. ಊರನ್ನು ಒಂದು ಮಠಕ್ಕೆ ಬಿಟ್ಟುಕೊಟ್ಟ ಮೇಲೆ ಸ್ಥಳೀಯ ಅಧಿಕಾರಿಗೆ ಅಲ್ಲಿ ತೆರಿಗೆ ಎತ್ತುವ ಹಕ್ಕಿಲ್ಲ. ವೆಜಲೇಯ ಮಠವೂ ಹೆಚ್ಚು ಕಡಿಮೆ ಹಾಗೆಯೇ. ಆ ಸೀಮೆಯ ಬಿಷಪ್ ಆಗಲಿ, ಪಕ್ಕದ ನೆವೆರ್ ಪಟ್ಟಣದ ಕೌಂಟ್ ಎಂಬ ಪ್ರಭುವಾಗಲಿ ತಮ್ಮ ಮೇಲೆ ಅಧಿಕಾರ ನಡೆಸುವಂತಿಲ್ಲ ಎಂಬುದು ಅದರ ವಾದ. ಅವರಿಬ್ಬರೂ ಇದನ್ನು ಎಂದೂ ಸುಲಭವಾಗಿ ಒಪ್ಪಲಿಲ್ಲ.

ಒಂದಿಷ್ಟು ಮೂಳೆ ಊರನ್ನು ಕಟ್ಟಿದ ಬಗೆ

ಸುಮಾರು ಇನ್ನೂರು ವರ್ಷ ವೆಜಲೇ ಹತ್ತರಲ್ಲಿ ಹನ್ನೊಂದು ಎಂಬಂಥ ಮಠವಾಗಿತ್ತು. 11ನೇ ಶತಮಾನದ ನಡುವೆ ಅದರ ಅದೃಷ್ಟ ತಿರುಗಿತು. ಮಗ್ದಲದ ಮರಿಯಳ ಅವಶೇಷಗಳು ತಮ್ಮಲ್ಲಿವೆ ಎಂದು ಸನ್ಯಾಸಿಗಳು ಸಾರಿದರು.

ಮಗ್ದಲದ ಮರಿಯ ಯೇಸುವಿನ ಶಿಷ್ಯೆ. ಶಿಲುಬೆಯ ಬುಡದಲ್ಲಿ ನಿಂತವಳು, ಮರಣದ ಮೂರನೆಯ ದಿನ ಅವನನ್ನು ಮತ್ತೆ ಕಂಡವಳು ಎಂದು ಸುವಾರ್ತೆಗಳು ಹೇಳುತ್ತವೆ. ಆಕೆ ದೋಣಿಯಲ್ಲಿ ಫ್ರಾನ್ಸಿನ ದಕ್ಷಿಣ ಕರಾವಳಿಗೆ ಬಂದು ಅಲ್ಲಿಯೇ ತೀರಿಕೊಂಡಳು ಎಂಬುದು ಮಧ್ಯಯುಗದ ಐತಿಹ್ಯ. ದಕ್ಷಿಣಕ್ಕೆ ಅರಬ್ಬರ ದಾಳಿ ಆದಾಗ ಬಾದಿಲೋನ್ ಎಂಬ ಸನ್ಯಾಸಿ ಅವಶೇಷಗಳನ್ನು ಅಲ್ಲಿಂದ ಎತ್ತಿಕೊಂಡು ಬಂದ ಎಂಬುದು ವೆಜಲೇ ಮಠದವರು ಅದಕ್ಕೆ ಹೊಂದಿಸಿದ ಮುಂದಿನ ಅಧ್ಯಾಯ. 1058ರಲ್ಲಿ ಪೋಪರ ಮುದ್ರೆಯ ಪತ್ರವೂ ಈ ನಂಬಿಕೆಗೆ ಒಪ್ಪಿಗೆ ಕೊಟ್ಟಿತು.

ಮೂಳೆಗಳಿಗೆ ಇಷ್ಟು ಮಹತ್ವ ಏಕೆ ಎಂದು ಕೇಳುವವರು ಹಳೆ ಗೋವಾಕ್ಕೆ ಹೋಗಿ ನೋಡಬಹುದು. ಸಂತ ಫ್ರಾನ್ಸಿಸ್ ಕ್ಸೇವಿಯರರ ಪಾರ್ಥಿವ ಅವಶೇಷವನ್ನು ಹತ್ತು ವರ್ಷಕ್ಕೊಮ್ಮೆ ದರ್ಶನಕ್ಕೆ ಇಟ್ಟಾಗ ಕಾರವಾರ, ಬೆಳಗಾವಿಗಳಿಂದಲೂ ಜನ ಹೋಗುತ್ತಾರೆ. ಬೌದ್ಧರಲ್ಲಿ ಬುದ್ಧನ ಧಾತುಗಳ ಮೇಲೆಯೇ ಸ್ತೂಪಗಳು ಎದ್ದವು. ಸಂತರ ದೇಹದಲ್ಲಿ ಅವರ ಶಕ್ತಿ ಉಳಿದಿರುತ್ತದೆ, ಅದರ ಹತ್ತಿರ ನಿಂತು ಬೇಡಿದರೆ ಫಲಿಸುತ್ತದೆ ಎಂಬುದು ನಂಬಿಕೆ. ಮಧ್ಯಯುಗದ ಯುರೋಪಿನಲ್ಲಿ ಈ ನಂಬಿಕೆಗೆ ಒಂದು ಪೂರ್ತಿ ಅರ್ಥವ್ಯವಸ್ಥೆ ಆತುಕೊಂಡಿತ್ತು. ಯಾತ್ರಿಕನಿಗೆ ಮಲಗಲು ಜಾಗ ಬೇಕು, ರೊಟ್ಟಿ ಬೇಕು, ಹರಕೆಗೆ ಮೇಣದಬತ್ತಿ ಬೇಕು, ಸವೆದ ಪಾದರಕ್ಷೆಗೆ ಹೊಲಿಗೆ ಬೇಕು, ಊರೂರಿನ ನಾಣ್ಯ ಬದಲಿಸಿಕೊಡುವವ ಬೇಕು. ಕ್ಷೇತ್ರದ ಪೇಟೆಬೀದಿ ಹೇಗೆ ಬೆಳೆಯುತ್ತದೆ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಜೊತೆಗೆ ಇನ್ನೊಂದು ಲಾಭವೂ ಒದಗಿತು. ಸ್ಪೇನಿನ ವಾಯವ್ಯ ಮೂಲೆಯ ಸಂತಿಯಾಗೊದಲ್ಲಿರುವ ಸಂತ ಯಾಕೋಬನ ಸಮಾಧಿಗೆ ಆಗ ಯುರೋಪಿನ ಮೂಲೆಮೂಲೆಯಿಂದ ಜನ ಕಾಲ್ನಡಿಗೆಯಲ್ಲಿ ಹೊರಡುತ್ತಿದ್ದರು. ಫ್ರಾನ್ಸಿನಲ್ಲಿ ಆ ಯಾತ್ರೆಗೆ ನಾಲ್ಕು ಮುಖ್ಯ ದಾರಿಗಳು. ಅವುಗಳಲ್ಲಿ ಒಂದು ಹೊರಡುವುದೇ ವೆಜಲೇಯಿಂದ. ಇಂದಿಗೂ ಊರಿನ ಏರುಬೀದಿಯಲ್ಲಿ ಕಲ್ಲುಹಾಸಿನ ನಡುವೆ ಲೋಹದ ಚಿಪ್ಪಿನ ಗುರುತುಗಳು ಕಾಲಿಗೆ ಸಿಗುತ್ತವೆ. ಕಡಲಚಿಪ್ಪು ಆ ಯಾತ್ರೆಯ ಲಾಂಛನ. ಬೀದಿಯ ಹಲವು ಮನೆಗಳ ಕೆಳಗೆ ಕಮಾನಿನ ನೆಲಮಾಳಿಗೆಗಳಿವೆ. ಮೇಲೆ ಜಾಗ ಸಾಲದಾದಾಗ ಯಾತ್ರಿಕರನ್ನು ಮಲಗಿಸುತ್ತಿದ್ದುದು ಅಲ್ಲಿ.

ದುಡ್ಡು ಬಂದ ಮೇಲೆ ಜಗಳ

1096ರ ಹೊತ್ತಿಗೆ ಆರ್ತೋ ಎಂಬ ಮಠಾಧಿಪತಿ ಹಳೆಯ ಚರ್ಚನ್ನು ತೆಗೆಸಿ ದೊಡ್ಡದಕ್ಕೆ ಕೈ ಹಾಕಿದ. ಯಾತ್ರಿಕರ ಕಾಣಿಕೆ ಸಾಲಲಿಲ್ಲ; ಊರಿನವರ ಮೇಲೆ ಹೊರೆ ಬಿತ್ತು. 1106ರಲ್ಲಿ ಊರಿನವರು ದಂಗೆ ಎದ್ದು ಆರ್ತೋನನ್ನು ಕೊಂದೇ ಹಾಕಿದರು. ಚರ್ಚಿನ ಸೌಂದರ್ಯವನ್ನು ವರ್ಣಿಸುವ ಪ್ರವಾಸಿ ಪುಸ್ತಿಕೆಗಳು ಈ ಪ್ರಸಂಗವನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ಆದರೆ ಕಲ್ಲಿನ ಬೆಲೆ ಯಾರು ತೆತ್ತರು ಎಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರ ಸಿಗಲಾರದು.

1120ರ ಜುಲೈಯಲ್ಲಿ ಮರಿಯಳ ಹಬ್ಬದ ಹಿಂದಿನ ರಾತ್ರಿ, ಯಾತ್ರಿಕರು ಕಿಕ್ಕಿರಿದಿದ್ದಾಗ, ಚರ್ಚಿಗೆ ಬೆಂಕಿ ಬಿತ್ತು. ಸತ್ತವರು ಸಾವಿರಕ್ಕೂ ಹೆಚ್ಚು ಎಂದು ಅಂದಿನ ಬರಹಗಳು ಹೇಳುತ್ತವೆ. ನಾವು ಇಂದು ನೋಡುವ ಉದ್ದನೆಯ ನಡುಭಾಗ ಈ ಬೆಂಕಿಯ ನಂತರದ ಇಪ್ಪತ್ತು ವರ್ಷಗಳಲ್ಲಿ ಎದ್ದದ್ದು.

1152ರಲ್ಲಿ ಊರಿನವರು ಮತ್ತೆ ತಿರುಗಿಬಿದ್ದರು, ಈ ಬಾರಿ ನೆವೆರ್ ಕೌಂಟನ ಬೆಂಬಲದೊಂದಿಗೆ. ತಾವೆಲ್ಲ ಆಣೆಯಿಟ್ಟು ಒಂದು ಕೂಟ ಕಟ್ಟಿಕೊಂಡಿದ್ದೇವೆ, ಊರಿನ ವ್ಯವಹಾರ ತಾವೇ ನೋಡಿಕೊಳ್ಳುತ್ತೇವೆ ಎಂಬುದು ಅವರ ಬೇಡಿಕೆ. ಇಂಥ ಕೂಟಕ್ಕೆ ಅಂದಿನ ಹೆಸರು 'ಕಮ್ಯೂನ್'. ಕೊನೆಗೆ ರಾಜ ಮಠದ ಪರ ನಿಂತು ಕೂಟವನ್ನು ಮುರಿದ. ಇಂದು ಫ್ರಾನ್ಸಿನಲ್ಲಿ ನಮ್ಮ ಗ್ರಾಮ ಪಂಚಾಯಿತಿಯ ಮಟ್ಟದ ಆಡಳಿತ ಘಟಕಕ್ಕೆ ಇರುವ ಹೆಸರೂ ಕಮ್ಯೂನ್. ದೇಶದಲ್ಲಿ ಸುಮಾರು 35 ಸಾವಿರ ಇವೆ. ವೆಜಲೇಯೂ ಅವುಗಳಲ್ಲಿ ಒಂದು.

ಈ ಜಗಳಗಳ ನಡುವೆಯೇ ಊರು ದೊಡ್ಡ ರಾಜಕೀಯದ ವೇದಿಕೆಯೂ ಆಯಿತು. 1146ರ ಮಾರ್ಚ್ 31ರಂದು, ಈಸ್ಟರ್ ಹಬ್ಬದ ದಿನ, ಏಳನೆಯ ಲೂಯಿ ರಾಜನ ಎದುರು ಬರ್ನಾರ್ಡ್ ಎಂಬ ಸನ್ಯಾಸಿ ಎರಡನೆಯ ಕ್ರುಸೇಡಿಗೆ ಕರೆ ಕೊಟ್ಟದ್ದು ಇಲ್ಲಿ. ಕ್ರುಸೇಡ್ ಎಂದರೆ ಜೆರುಸಲೇಮ್ ಮತ್ತು ಅದರ ಸುತ್ತಲಿನ ನಾಡನ್ನು ತಮ್ಮ ಕೈಯಲ್ಲಿ ಇಟ್ಟುಕೊಳ್ಳಲು ಯುರೋಪಿನ ಕ್ರೈಸ್ತ ಅರಸರು ಸಾರಿದ ಯುದ್ಧಗಳು. ಜನ ಚರ್ಚಿನಲ್ಲಿ ಹಿಡಿಸದೆ ಸಭೆ ಗುಡ್ಡದ ಇಳಿಜಾರಿಗೆ ಹೋಯಿತು. ಹೊರಟವರು ಬಟ್ಟೆಯ ಶಿಲುಬೆಯನ್ನು ಭುಜಕ್ಕೆ ಹೊಲಿದುಕೊಳ್ಳುವುದು ವಾಡಿಕೆ. ತಂದಿದ್ದ ಬಟ್ಟೆ ಮುಗಿದು ಬರ್ನಾರ್ಡ್ ತನ್ನ ನಿಲುವಂಗಿಯನ್ನೇ ಹರಿದು ಹಂಚಿದ ಎಂಬ ಕಥೆ ಇದೆ. ಆ ದಂಡಯಾತ್ರೆ ಸೋತು ಸುಣ್ಣವಾಗಿ ಮರಳಿತು. ಆದರೂ 1190ರ ಜುಲೈಯಲ್ಲಿ ಇಂಗ್ಲೆಂಡಿನ ರಿಚರ್ಡ್ ಮತ್ತು ಫ್ರಾನ್ಸಿನ ಫಿಲಿಪ್ ಮೂರನೆಯ ಕ್ರುಸೇಡಿಗೆ ತಮ್ಮ ಸೈನ್ಯಗಳನ್ನು ಕೂಡಿಸಿದ್ದು ಇದೇ ಊರಿನಲ್ಲಿ.

ಚರ್ಚಿನ ಒಳಗೆ ಏನಿದೆ

ಮೊದಲು ಸಿಗುವುದು ಮುಖಮಂಟಪ. ಅಲ್ಲಿಂದ ಒಳಗೆ ಹೋಗುವ ಬಾಗಿಲಿನ ಮೇಲೆ ಅರ್ಧಚಂದ್ರಾಕಾರದ ದೊಡ್ಡ ಕೆತ್ತನೆಯಿದೆ. ನಮ್ಮ ದೇವಸ್ಥಾನಗಳಲ್ಲಿ ಗಜಲಕ್ಷ್ಮಿ ಇರುವ ಸ್ಥಾನ ಅದು. ನಡುವೆ ಯೇಸು ಕುಳಿತಿದ್ದಾನೆ. ಅವನ ಬೆರಳುಗಳಿಂದ ಹೊರಟ ಕಿರಣಗಳು ಶಿಷ್ಯರ ತಲೆಗಳನ್ನು ಮುಟ್ಟುತ್ತಿವೆ. ಲೋಕದ ಎಲ್ಲ ಜನರಿಗೂ ಸುವಾರ್ತೆ ಮುಟ್ಟಿಸಿ ಎಂಬ ಆದೇಶದ ಚಿತ್ರ. ಸುತ್ತ ಹನ್ನೆರಡು ರಾಶಿಗಳು ಮತ್ತು ತಿಂಗಳು ತಿಂಗಳಿನ ರೈತಾಪಿ ಕೆಲಸಗಳು.

'ಲೋಕದ ಎಲ್ಲ ಜನ' ಎಂದರೆ ಯಾರು ಎಂಬುದನ್ನು ಶಿಲ್ಪಿ ಅಂಚಿನ ಪಟ್ಟಿಕೆಗಳಲ್ಲಿ ತೋರಿಸಿದ್ದಾನೆ, ಅಲ್ಲಿ ನಮ್ಮ ಪಾಲೂ ಇದೆ. ಏಣಿ ಹಾಕಿ ಕುದುರೆ ಏರುತ್ತಿರುವ ಕುಳ್ಳರು, ನಾಯಿಮುಖದವರು, ಮೈ ಮುಚ್ಚುವಷ್ಟು ದೊಡ್ಡ ಕಿವಿಯ ಒಂದು ಸಂಸಾರ. ನಾಯಿಮುಖದ ಜನ ಭಾರತದ ಬೆಟ್ಟಗಳಲ್ಲಿದ್ದಾರೆ ಎಂದು ಗ್ರೀಕ್ ಲೇಖಕ ಕ್ಟೀಸಿಯಸ್ ಬರೆದಿದ್ದ. ಕಿವಿಯನ್ನೇ ಹೊದ್ದು ಮಲಗುವ ಜನರ ಸುದ್ದಿ ಕೊಟ್ಟವನು ಶಾಲೆಯ ಪಾಠದಲ್ಲಿ ನಾವೆಲ್ಲ ಓದಿದ ಮೆಗಾಸ್ತನೀಸ್. ಮಹಾಭಾರತದ ಸಭಾಪರ್ವದಲ್ಲಿ ಸಹದೇವನ ದಿಗ್ವಿಜಯದ ಪಟ್ಟಿಯಲ್ಲಿ 'ಕರ್ಣಪ್ರಾವರಣ'ರು, ಅಂದರೆ ಕಿವಿಯನ್ನು ಹೊದಿಕೆಯಾಗಿ ಉಳ್ಳವರು, ಬರುತ್ತಾರೆ. ಇಲ್ಲಿನ ಮಾತನ್ನೇ ಮೆಗಾಸ್ತನೀಸ್ ಗ್ರೀಸಿಗೆ ಕೊಂಡೊಯ್ದ ಎಂಬುದು ವಿದ್ವಾಂಸರ ಊಹೆ. ಗ್ರೀಕಿನಿಂದ ಲ್ಯಾಟಿನ್ನಿಗೆ, ಲ್ಯಾಟಿನ್ನಿನಿಂದ ಮಠದ ಗ್ರಂಥಾಲಯಕ್ಕೆ, ಅಲ್ಲಿಂದ ಶಿಲ್ಪಿಯ ಉಳಿಗೆ. ನಮ್ಮ ಪುರಾಣದ ಒಂದು ಪದ ಬರ್ಗಂಡಿಯ ಬಾಗಿಲವಾಡದ ಮೇಲೆ ಕಿವಿ ಅರಳಿಸಿಕೊಂಡು ಕುಳಿತಿದೆ.

ಒಳಗೆ ಕಾಲಿಟ್ಟರೆ ಕಮಾನುಗಳ ಸಾಲು. ಒಂದು ಬಿಳಿ ಕಲ್ಲು, ಒಂದು ಕಂದು ಕಲ್ಲು ಎಂದು ಪಟ್ಟೆಪಟ್ಟೆಯಾಗಿ ಜೋಡಿಸಿದ್ದಾರೆ. ಪ್ರತಿ ಕಂಬದ ನೆತ್ತಿಯ ಬೋದಿಗೆಯಲ್ಲೂ ಒಂದೊಂದು ಕಥೆ. ಎಲ್ಲವನ್ನೂ ನೋಡಲು ಕುತ್ತಿಗೆ ಸಹಕರಿಸುವುದಿಲ್ಲ, ಒಂದನ್ನಾದರೂ ಹತ್ತಿರದಿಂದ ನೋಡೋಣ. ಮೊಣಕಾಲಿನವರೆಗೆ ಅಂಗಿ ತೊಟ್ಟ ಒಬ್ಬ ಮನುಷ್ಯ ಮೈ ಬಾಗಿಸಿ ಚೀಲದಿಂದ ಕಾಳನ್ನು ಬೀಸುವ ಯಂತ್ರಕ್ಕೆ ಸುರಿಯುತ್ತಿದ್ದಾನೆ. ಕೆಳಗೆ ಉದ್ದನೆಯ ನಿಲುವಂಗಿಯವನೊಬ್ಬ ಬರಿಗಾಲಲ್ಲಿ ನಿಂತು, ಬೀಳುವ ಹಿಟ್ಟಿಗೆ ಚೀಲದ ಬಾಯಿ ಹಿಡಿದಿದ್ದಾನೆ. ಯಂತ್ರದ ಚಕ್ರದಲ್ಲಿ ಶಿಲುಬೆಯ ಆಕಾರ. ಸುರಿಯುವವನು ಯೆಹೂದ್ಯರ ಪ್ರವಾದಿ ಮೋಶೆ, ಹಿಡಿಯುವವನು ಯೇಸುವಿನ ಸಂದೇಶ ಸಾರಿದ ಪೌಲ. ಬೈಬಲ್ಲಿನ ಹಳೆಯ ಒಡಂಬಡಿಕೆಯ ಕಾಳು ಕ್ರಿಸ್ತನೆಂಬ ಯಂತ್ರದಲ್ಲಿ ಬೀಸಿ ಹೊಸ ಒಡಂಬಡಿಕೆಯ ಹಿಟ್ಟಾಗಿದೆ ಎಂಬುದು ಅರ್ಥ. ದೊಡ್ಡ ಸಿದ್ಧಾಂತವೊಂದನ್ನು ಓದು ಬಾರದವನಿಗೂ ಮುಟ್ಟಿಸಲು ಶಿಲ್ಪಿಗೆ ಬೇಕಾದದ್ದು ಹಿಟ್ಟಿನ ಗಿರಣಿ.

ನಡುಭಾಗ ದಾಟಿ ಕೊನೆಗೆ ಬಂದರೆ ಬೆಳಕು ಒಮ್ಮೆಗೇ ಹೆಚ್ಚುತ್ತದೆ. ಕಾರಣ ಕಟ್ಟುವ ಕ್ರಮದಲ್ಲಿದೆ. ಬಿದಿರಿನ ದಬ್ಬೆಯನ್ನು ಬಿಲ್ಲಿನಂತೆ ಬಗ್ಗಿಸಿ ನೆಲಕ್ಕೆ ನಿಲ್ಲಿಸಿ ಮೇಲಿಂದ ಒತ್ತಿ ನೋಡಿ, ಎರಡೂ ತುದಿಗಳು ಹೊರಕ್ಕೆ ಜಾರುತ್ತವೆ. ದುಂಡು ಕಮಾನಿನ ಕಲ್ಲಿನ ಚಾವಣಿಯೂ ಗೋಡೆಗಳನ್ನು ಹಾಗೆಯೇ ಹೊರಕ್ಕೆ ತಳ್ಳುತ್ತದೆ. ತಡೆಯಲು ಗೋಡೆ ದಪ್ಪವಿರಬೇಕು, ಕಿಟಕಿ ಸಣ್ಣದಿರಬೇಕು. ಇದು ರೊಮನೆಸ್ಕ್ ಶೈಲಿ. 12ನೇ ಶತಮಾನದ ಕೊನೆಯ ದಶಕಗಳಲ್ಲಿ ಕಟ್ಟಿದ ಪೂರ್ವದ ತುದಿ ಗೋಥಿಕ್ ಶೈಲಿಯದು. ಅಲ್ಲಿ ಕಮಾನು ಚೂಪು. ಭಾರ ಹೆಚ್ಚು ಪಾಲು ಕೆಳಕ್ಕೆ ಇಳಿಯುತ್ತದೆ, ಉಳಿದ ತಳ್ಳುವಿಕೆಯನ್ನು ಹೊರಗಿನ ಆನಿಕೆಗಳು ಹೊರುತ್ತವೆ. ಹಾಗಾಗಿ ಗೋಡೆಯಲ್ಲಿ ದೊಡ್ಡ ಕಿಟಕಿ ತೆರೆಯಬಹುದು. ವೆಜಲೇಯಲ್ಲಿ ಒಂದು ಶೈಲಿಯಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು.

ಬಿದ್ದದ್ದು ಹೇಗೆ

ಏರಿಸಿದ್ದು ಯಾವುದೋ ಇಳಿಸಿದ್ದೂ ಅದೇ. 13ನೇ ಶತಮಾನದಲ್ಲಿ ಮೂಳೆಗಳ ಬಗ್ಗೆ ಅನುಮಾನ ಹುಟ್ಟಿತು. 1267ರಲ್ಲಿ ಒಂಬತ್ತನೆಯ ಲೂಯಿ ರಾಜನೇ ಬಂದು ನಿಂತು, ಅವಶೇಷಗಳನ್ನು ಸಾರ್ವಜನಿಕವಾಗಿ ತೋರಿಸುವ ದೊಡ್ಡ ಸಮಾರಂಭವಾಯಿತು. ಹನ್ನೆರಡು ವರ್ಷಗಳ ನಂತರ, 1279ರಲ್ಲಿ, ದಕ್ಷಿಣದ ಸೇನ್-ಮಾಕ್ಸಿಮೇನಿನಲ್ಲಿ ಒಂದು ಶವಪೆಟ್ಟಿಗೆ ತೆರೆದು, ಮರಿಯಳ ನಿಜವಾದ ದೇಹ ಇದು ಎಂದು ಘೋಷಿಸಿದರು. ಜೊತೆಯಲ್ಲಿ ಒಂದು ಬರಹವೂ ಸಿಕ್ಕಿತಂತೆ: ದಾಳಿಯ ಭಯದಿಂದ ದೇಹವನ್ನು ಮೊದಲೇ ಬೇರೆ ಪೆಟ್ಟಿಗೆಗೆ ಬದಲಿಸಿದ್ದೆವು ಎಂದು. ಅಂದರೆ ವೆಜಲೇಯ ಸನ್ಯಾಸಿ ಎತ್ತಿಕೊಂಡು ಹೋದದ್ದು ಬೇರೆ ಯಾರದ್ದೋ. 1295ರಲ್ಲಿ ಪೋಪ್ ಎಂಟನೆಯ ಬೊನಿಫೇಸ್ ದಕ್ಷಿಣದವರ ಮಾತನ್ನು ಎತ್ತಿಹಿಡಿದರು.

ಯಾತ್ರಿಕರು ದಾರಿ ಬದಲಿಸಿದರು. ಮುಂದಿನ ಐನೂರು ವರ್ಷ ಇಳಿಜಾರಿನದೇ. 1569ರಲ್ಲಿ ಕ್ಯಾಥಲಿಕರಿಗೂ ಪ್ರಾಟೆಸ್ಟಂಟರಿಗೂ ನಡೆದ ಯುದ್ಧದಲ್ಲಿ ಊರು ಪ್ರಾಟೆಸ್ಟಂಟರ ವಶವಾಗಿ ಚರ್ಚ್ ಲೂಟಿಯಾಯಿತು. ಪ್ರಾಟೆಸ್ಟಂಟರ ದೊಡ್ಡ ಧರ್ಮಪಂಡಿತ ತಿಯೊದೋರ್ ದ ಬೇಜ್ ಹುಟ್ಟಿದ್ದು ಇದೇ ವೆಜಲೇಯಲ್ಲಿ, 1519ರಲ್ಲಿ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಮಠದ ಕಟ್ಟಡಗಳು ಮಾರಾಟವಾಗಿ ಕಲ್ಲುಗಳು ಹಂಚಿಹೋದವು, ಚರ್ಚಿನ ಮುಂಭಾಗದ ಕೆತ್ತನೆಗಳು ಸುತ್ತಿಗೆಗೆ ಸಿಕ್ಕವು.

ಇಪ್ಪತ್ತಾರರ ತರುಣನ ಕೈಗೆ

1834ರಲ್ಲಿ ಪ್ರಾಸ್ಪೆರ್ ಮೆರಿಮೇ ಎಂಬ ಅಧಿಕಾರಿ ಊರಿಗೆ ಬಂದರು. ಐತಿಹಾಸಿಕ ಸ್ಮಾರಕಗಳ ಮುಖ್ಯ ಪರಿವೀಕ್ಷಕ ಎಂಬುದು ಅವರ ಹುದ್ದೆ, ಆ ಹುದ್ದೆಯೇ ಹೊಸದು. ಒಳಗೆ ಕುಳಿತು ಚಿತ್ರ ಬರೆಯುತ್ತಿದ್ದಾಗ ಸುತ್ತಮುತ್ತ ಸಣ್ಣ ಕಲ್ಲುಗಳು ಕಳಚಿ ಉದುರುವ ಸದ್ದು ಕೇಳುತ್ತಲೇ ಇತ್ತು ಎಂದು ಅವರು ವರದಿಯಲ್ಲಿ ಬರೆದರು. ಬಿದಿರಿನ ದಬ್ಬೆಯ ಲೆಕ್ಕ ಇಲ್ಲಿ ಮತ್ತೆ ಬರುತ್ತದೆ. ಏಳುನೂರು ವರ್ಷ ಚಾವಣಿ ತಳ್ಳಿ ತಳ್ಳಿ ಗೋಡೆಗಳು ಹೊರಕ್ಕೆ ವಾಲಿದ್ದವು.

1840ರಲ್ಲಿ ಕೆಲಸ ವಿಯೊಲೆ-ಲೆ-ದ್ಯುಕ್ ಪಾಲಿಗೆ ಬಂತು. ಆಗ ಆತನಿಗೆ ಇಪ್ಪತ್ತಾರು. ಇಷ್ಟು ದೊಡ್ಡ ಕೆಲಸ ಮಾಡಿದ ಅನುಭವವೇ ಇರಲಿಲ್ಲ. ಆತ ಚಾವಣಿಯ ಬಹುಭಾಗವನ್ನು ಬಿಚ್ಚಿ ಹಗುರವಾಗಿ ಮತ್ತೆ ಕಟ್ಟಿಸಿ, ಹೊರಗಿನ ಆನಿಕೆ ಕಮಾನುಗಳನ್ನು ಹೊಸದಾಗಿ ನಿಲ್ಲಿಸಿದ. ಕೆಲಸ ಮುಗಿದದ್ದು 1859ರಲ್ಲಿ. ಚರ್ಚ್ ಉಳಿದದ್ದು ಆತನಿಂದ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ತಕರಾರು ಇರುವುದು ಎಷ್ಟನ್ನು ಬದಲಿಸಿದ ಎಂಬುದರಲ್ಲಿ. ನಡುಭಾಗದ ಕೊನೆಯ ಕೆಲವು ಅಂಕಣಗಳ ಚಾವಣಿ ಆ ಮೊದಲೇ ಗೋಥಿಕ್ ರೀತಿಗೆ ಬದಲಾಗಿತ್ತು. ಆತ ಅದನ್ನು ತೆಗೆಸಿ, ಉಳಿದದ್ದಕ್ಕೆ ಹೊಂದುವಂತೆ ರೊಮನೆಸ್ಕ್ ಮಾಡಿಸಿದ. ಮುಂಭಾಗದ ಹೊರಬಾಗಿಲಿನ ಮೇಲಿನ ಕೆತ್ತನೆ ಪೂರ್ತಿ 19ನೇ ಶತಮಾನದ್ದು. ಹಾಳಾದ ಬೋದಿಗೆಗಳ ಜಾಗದಲ್ಲಿ ಪ್ರತಿಗಳು ಕುಳಿತಿವೆ, ಮೂಲಗಳು ಪಕ್ಕದ ವಸ್ತುಸಂಗ್ರಹಾಲಯದಲ್ಲಿವೆ. ನಮ್ಮಲ್ಲಿ ಜೀರ್ಣೋದ್ಧಾರವಾದ ದೇವಸ್ಥಾನದ ಎದುರು ನಿಂತು ಹಳೆಯ ಕಂಬ ಯಾವುದು, ಹೊಸದು ಯಾವುದು ಎಂದು ಹುಡುಕುತ್ತೇವಲ್ಲ, ಆ ಕೆಲಸ ಇಲ್ಲೂ ಇದೆ. ನೋತ್ರ್ ದಾಮ್ ಶಿಖರ ಸುಟ್ಟಾಗ ಎದ್ದ ವಾದಕ್ಕೂ, ಮೂಲದಂತೆ ಕಟ್ಟುವುದು ಎಂದರೆ ಯಾವ ಮೂಲ ಎಂಬ ಪ್ರಶ್ನೆಗೂ, ಮೊದಲ ದೊಡ್ಡ ತಾಲೀಮು ನಡೆದದ್ದು ಈ ಗುಡ್ಡದ ಮೇಲೆ.

1920ರಲ್ಲಿ ಚರ್ಚಿಗೆ 'ಬೆಸಿಲಿಕಾ' ಎಂಬ ಬಿರುದು ಸಿಕ್ಕಿತು. ಇದು ಕಟ್ಟಡದ ಆಕಾರದ ಹೆಸರಲ್ಲ, ಪೋಪರು ಕೊಡುವ ಗೌರವ. ಕಾರ್ಕಳದ ಹತ್ತಿರದ ಅತ್ತೂರಿನ ಸಂತ ಲಾರೆನ್ಸ್ ಚರ್ಚಿಗೂ 2016ರಲ್ಲಿ ಇದೇ ಗೌರವ ಬಂದದ್ದನ್ನು ಕರಾವಳಿಯವರು ಬಲ್ಲರು. 1979ರಲ್ಲಿ ಚರ್ಚ್ ಮತ್ತು ಗುಡ್ಡ ಎರಡೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು.

ಈಗ ಹೋದರೆ

ಹತ್ತಿರದ ರೈಲು ನಿಲ್ದಾಣ ಸೆರ್ಮಿಜೆಲ್, ಹತ್ತು ಕಿಲೋಮೀಟರ್ ದೂರ. ಊರು ಎಂದರೆ ಮುಖ್ಯವಾಗಿ ಒಂದೇ ಏರುಬೀದಿ. ಅದರ ಮಗ್ಗುಲಲ್ಲಿ ಒಂದು ಮನೆ ನಮಗೆ ಗುರುತಿನದು: ಗಾಂಧಿ, ರಾಮಕೃಷ್ಣ ಪರಮಹಂಸ, ವಿವೇಕಾನಂದರ ಜೀವನಚರಿತ್ರೆಗಳನ್ನು ಫ್ರೆಂಚಿನಲ್ಲಿ ಬರೆದ ರೊಮೇನ್ ರೋಲಾ ಅವರದು. 1938ರಲ್ಲಿ ಇಲ್ಲಿಗೆ ಬಂದು ನೆಲೆಸಿ, ಜರ್ಮನ್ ಆಕ್ರಮಣದ ವರ್ಷಗಳನ್ನು ಇಲ್ಲಿಯೇ ಕಳೆದು, 1944ರ ಡಿಸೆಂಬರ್ 30ರಂದು ತೀರಿಕೊಂಡರು. ಮನೆ ಈಗ ಆಧುನಿಕ ಕಲೆಯ ಸಂಗ್ರಹಾಲಯ.

ಜೂನ್ 21ರ ಆಸುಪಾಸಿನಲ್ಲಿ ಹೋಗುವವರು ಮಧ್ಯಾಹ್ನ ಚರ್ಚಿನ ಒಳಗಿರಬೇಕು. ಸೂರ್ಯ ನೆತ್ತಿಗೆ ಬಂದಾಗ ದಕ್ಷಿಣದ ಮೇಲ್ಕಿಟಕಿಗಳಿಂದ ಬಿದ್ದ ಬೆಳಕಿನ ತುಂಡುಗಳು ನಡುಭಾಗದ ನೆಲದ ಮೇಲೆ, ನಟ್ಟನಡುವೆ, ದಾಟುಗಲ್ಲುಗಳಂತೆ ಸಾಲಾಗಿ ನಿಲ್ಲುತ್ತವೆ. ಚಳಿಗಾಲದ ಅಯನದ ದಿನ ಅದೇ ಬೆಳಕು ಎದುರು ಬದಿಯ ಬೋದಿಗೆಗಳ ಮಟ್ಟಕ್ಕೆ ಏರುತ್ತದೆ. ಸಂಕ್ರಾಂತಿಯಂದು ಗವಿ ಗಂಗಾಧರೇಶ್ವರನಲ್ಲಿ ಕಾಯುವ ಬೆಂಗಳೂರಿನವರಿಗೆ ಈ ಲೆಕ್ಕಾಚಾರ ಹೊಸದಲ್ಲ. ಗಡಿಯಾರವನ್ನು ಮಾತ್ರ ನಂಬಬೇಡಿ. ಫ್ರಾನ್ಸಿನಲ್ಲಿ ಬೇಸಿಗೆಗೆ ಗಡಿಯಾರ ಮುಂದಿಡುವುದರಿಂದ ಅಲ್ಲಿನ ನಿಜವಾದ ನಡುಹಗಲು ಹೆಚ್ಚು ಕಡಿಮೆ 1 ಗಂಟೆ 45 ನಿಮಿಷಕ್ಕೆ.

ಅದೇ ಹೊತ್ತಿನಲ್ಲಿ ಪಕ್ಕದ ಗೋಡೆಗಳ ಕಡೆಗೂ ಕಣ್ಣು ಹಾಯಿಸಿ. ಆಳೆತ್ತರಕ್ಕಿಂತ ದೊಡ್ಡ ಮರದ ಶಿಲುಬೆಗಳು ಒರಗಿವೆ. 1946ರಲ್ಲಿ, ಬರ್ನಾರ್ಡನ ಕ್ರುಸೇಡ್ ಕರೆಗೆ ಎಂಟುನೂರು ವರ್ಷ ತುಂಬಿದಾಗ, ಈ ಬಾರಿ ಶಾಂತಿಗಾಗಿ ನಡೆಯೋಣ ಎಂದು ಫ್ರಾನ್ಸಿನ ಹಲವು ಕಡೆಗಳಿಂದ ಮತ್ತು ನೆರೆಯ ದೇಶಗಳಿಂದ ಜನರು ಹದಿನಾಲ್ಕು ಶಿಲುಬೆಗಳನ್ನು ಹೆಗಲ ಮೇಲೆ ಹೊತ್ತು ಇಲ್ಲಿಗೆ ಬಂದರು. ಹತ್ತಿರದ ಶಿಬಿರದಲ್ಲಿದ್ದ ಜರ್ಮನ್ ಯುದ್ಧಕೈದಿಗಳು ತಾವೂ ಬರಬಹುದೇ ಎಂದು ಕೇಳಿದರು. ಯುದ್ಧ ಮುಗಿದು ವರ್ಷವಷ್ಟೇ ಆಗಿತ್ತು. ಒಪ್ಪಿಗೆ ಸಿಕ್ಕಿತು. ಹದಿನೈದನೆಯ ಶಿಲುಬೆ ಅವರದು, ಬಾಂಬಿಗೆ ಬಿದ್ದ ಮನೆಗಳ ತೊಲೆಗಳಿಂದ ಮಾಡಿದ್ದು.